ಮನೆ ಮೇಲಿನ ಆಂಟೆನಾ ಎತ್ತ ನೋಡುತ್ತಿತ್ತು?

ಹಳೆಯ ಬಡಾವಣೆಯ ಯಾವುದಾದರೂ ತಾರಸಿಯ ಮೇಲೆ ನಿಂತು ಸುತ್ತ ಕಣ್ಣಾಡಿಸಿ. ನೀರಿನ ತೊಟ್ಟಿ, ಸೋಲಾರ್ ಫಲಕ, ಡಿಶ್‌ಗಳ ನಡುವೆ, ತುಕ್ಕು ಹಿಡಿದ ಪೈಪಿನ ತುದಿಯಲ್ಲಿ ಮೀನಿನ ಮುಳ್ಳಿನಂಥ ಅಲ್ಯುಮಿನಿಯಂ ಚೌಕಟ್ಟು ಒಂದೆರಡಾದರೂ ಕಂಡೀತು. ಕೆಲವಕ್ಕೆ ಕಡ್ಡಿ ಮುರಿದಿದೆ, ಕೆಲವು ಬಾಗಿವೆ, ಕೆಲವುಗಳ ಪೈಪಿಗೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದೆ. ಆದರೆ ಗಾಳಿಗೆ ತಿರುಗಿಹೋದವನ್ನು ಬಿಟ್ಟರೆ ಉಳಿದವೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತವೆ. ಆ ದಿಕ್ಕಿನಲ್ಲಿ, ಎಲ್ಲೋ ಒಂದು ಕಡೆ, ದೂರದರ್ಶನದ ಪ್ರಸಾರ ಗೋಪುರವಿತ್ತು.

ಈಗ ಅಲ್ಲಿಂದ ಆ ಹಳೆಯ ಪ್ರಸಾರ ಬರುವುದಿಲ್ಲ. ಅನಲಾಗ್ ಭೂಪ್ರಸಾರದ ಯಂತ್ರಗಳನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಪ್ರಸಾರ ಭಾರತಿ 2021ರಲ್ಲಿ ಪ್ರಕಟಿಸಿತು. ಆಯಕಟ್ಟಿನ ಸ್ಥಳಗಳಲ್ಲಿದ್ದ ಸುಮಾರು 50 ಯಂತ್ರಗಳನ್ನು ಉಳಿಸಿಕೊಂಡು ಮಿಕ್ಕವನ್ನು 2022ರ ಮಾರ್ಚ್ 31ರೊಳಗೆ ಮುಚ್ಚಲು ಗಡುವು ಹಾಕಿಕೊಂಡಿತು. ಕೇಬಲ್ಲು, ಡಿಶ್ಶು ಬಂದು ಎಷ್ಟೋ ವರ್ಷಗಳಾಗಿದ್ದ ಕಾರಣ ಬಹುಪಾಲು ಮನೆಗಳಿಗೆ ಇದು ಗೊತ್ತೇ ಆಗಲಿಲ್ಲ.

ಆದರೆ ಆಂಟೆನಾ ಕಟ್ಟಿದ ತಲೆಮಾರಿಗೆ ಅದು ಅಂಗಡಿಯಿಂದ ತಂದು ಸಿಕ್ಕಿಸುವ ಬಿಡಿಭಾಗವಾಗಿರಲಿಲ್ಲ. ಕಡ್ಡಿಯ ಉದ್ದ ಎಷ್ಟು, ಎಷ್ಟು ಕಡ್ಡಿ ಬೇಕು, ಎಷ್ಟು ಎತ್ತರಕ್ಕೆ ಕಟ್ಟಬೇಕು, ಯಾವ ದಿಕ್ಕಿಗೆ ತಿರುಗಿಸಬೇಕು, ಯಾವ ತಂತಿ ಎಳೆಯಬೇಕು – ಇವಕ್ಕೆ ಪ್ರತಿಯೊಂದು ಮನೆಯೂ ತನ್ನದೇ ಉತ್ತರ ಹುಡುಕಿಕೊಳ್ಳಬೇಕಿತ್ತು. ಉತ್ತರ ತಪ್ಪಿದರೆ ಭಾನುವಾರ ಬೆಳಿಗ್ಗೆ ರಾಮಾಯಣ ಇಲ್ಲ. ಎಲ್ಲ ಉತ್ತರಗಳೂ ಸರಿಯಿದ್ದು, ಟಿ.ವಿ. ಕೊಳ್ಳುವ ದುಡ್ಡೂ ಇದ್ದು, ರಾಮಾಯಣ ಕಾಣದ ಮನೆಗಳೂ ಇದ್ದವು. ಅದಕ್ಕೆ ಕಾರಣ ಎದುರಿಗಿದ್ದ ಗುಡ್ಡ.

ಕರ್ನಾಟಕದ ಹಳ್ಳಿಗಳು ಮೊದಲು ಕಂಡ ಟಿ.ವಿ. ಆಂಟೆನಾ ಈ ಮೀನಿನ ಮುಳ್ಳಿನದಲ್ಲ ಎಂಬುದು ಸ್ವಾರಸ್ಯಕರ ಸಂಗತಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಬಳಸಿಕೊಂಡು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಆಕಾಶದಿಂದಲೇ ನೇರವಾಗಿ ಕಾರ್ಯಕ್ರಮ ಕಳಿಸಲಾಯಿತು. ನಮ್ಮಲ್ಲಿ ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಇದರಲ್ಲಿದ್ದವು. ಹಳ್ಳಿಗೊಂದು ಟಿ.ವಿ., ಅದರ ಪಕ್ಕದಲ್ಲಿ ಸುಮಾರು ಹತ್ತು ಅಡಿ ಅಗಲದ ಬಾಣಲೆಯಂಥ ಆಂಟೆನಾ. ಅದರ ಮೈಗೆ ಹೊದಿಸಿದ್ದು ಕೋಳಿಗೂಡಿಗೆ ಬಳಸುವ ತಂತಿ ಬಲೆ! ತೂತುತೂತಾದ ಬಲೆಯಲ್ಲಿ ಅಲೆ ಸೋರಿಹೋಗದೆ ಎಂದು ಯಾರಿಗಾದರೂ ಅನ್ನಿಸೀತು. ಸೋರುವುದಿಲ್ಲ. ಆ ಉಪಗ್ರಹ ಕಳಿಸುತ್ತಿದ್ದುದು 860 ಮೆಗಾಹರ್ಟ್ಸ್‌ನ ಅಲೆ. ಅಂಥ ಒಂದು ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಅದರ ಮುಂದೆ ಬೆರಳಗಲದ ತೂತು ಲೆಕ್ಕಕ್ಕಿಲ್ಲ. ಬಲೆ ಅದಕ್ಕೆ ತಗಡಿನಂತೆಯೇ ಕಾಣುತ್ತದೆ. ಜೊತೆಗೆ ಬಲೆ ಅಗ್ಗ, ಹಗುರ, ಬಯಲುಸೀಮೆಯ ಗಾಳಿಯೂ ಅದರೊಳಗಿಂದ ಹಾದುಹೋಗುತ್ತದೆ. ನಮ್ಮ ಎಂಜಿನಿಯರುಗಳ ಜಾಣತನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಪ್ರಯೋಗ ಮುಗಿಯಿತು, ಉಪಗ್ರಹ ಹೋಯಿತು. ಹಳ್ಳಿಯವರಿಗೆ ಹತ್ತಿದ ರುಚಿ ಹೋಗಬಾರದೆಂದು 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂತು. ಬೆಂಗಳೂರಿಗೆ ಟಿ.ವಿ. ಬಂದದ್ದು ಅದರ ನಂತರ, 1981ರಲ್ಲಿ. ರಾಜಧಾನಿಗಿಂತ ಮೊದಲು ಗುಲ್ಬರ್ಗಕ್ಕೆ ದಕ್ಕಿದ ಸೌಲಭ್ಯಗಳ ಪಟ್ಟಿ ಮಾಡಿದರೆ ಅದು ಬಹಳ ಉದ್ದವಿರಲಾರದು. ಇದು ಆ ಪಟ್ಟಿಯಲ್ಲಿರುತ್ತದೆ.

1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಜೊತೆ ಬಣ್ಣ ಬಂತು. 1983ರಲ್ಲಿ ಇನ್ಸಾಟ್-1ಬಿ ಮೇಲೇರಿತು. 1984ರಲ್ಲಿ ಕೆಲವು ತಿಂಗಳು ದೇಶದಲ್ಲಿ ದಿನಕ್ಕೊಂದರಂತೆ ಪ್ರಸಾರ ಯಂತ್ರಗಳು ಶುರುವಾದವು. ಇವುಗಳಲ್ಲಿ ಬಹುಪಾಲು ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳು. ಊರಿನಲ್ಲಿ ಒಂದು ದೊಡ್ಡ ಡಿಶ್ ಇಟ್ಟು ಉಪಗ್ರಹದಿಂದ ದೆಹಲಿಯ ಕಾರ್ಯಕ್ರಮ ಹಿಡಿಯುವುದು, ಅದನ್ನು ಪಕ್ಕದ ಗೋಪುರದಿಂದ ಸುತ್ತಲಿಗೆ ಬೀರುವುದು, ಇಷ್ಟೇ ಅವುಗಳ ಕೆಲಸ. 100 ವಾಟ್‌ನ ಇಂಥ ಯಂತ್ರದ ಕೈ ಚಾಚುತ್ತಿದ್ದುದು ಹೆಚ್ಚೆಂದರೆ 15–20 ಕಿಲೊಮೀಟರ್. 10 ಕಿಲೊವಾಟ್‌ನ ದೊಡ್ಡ ಕೇಂದ್ರವಾದರೆ 70 ಕಿಲೊಮೀಟರಿಗೂ ಆಚೆ. ಆದ್ದರಿಂದ ಮನೆಯ ಆಂಟೆನಾ ದೆಹಲಿಯತ್ತಲೂ ನೋಡುತ್ತಿರಲಿಲ್ಲ, ಆಕಾಶದತ್ತಲೂ ನೋಡುತ್ತಿರಲಿಲ್ಲ. ಅದು ನೋಡುತ್ತಿದ್ದುದು ತನ್ನ ಊರಿನ, ಇಲ್ಲವೇ ಪಕ್ಕದ ಊರಿನ ಗೋಪುರವನ್ನು.

ಮೀನಿನ ಮುಳ್ಳಿಗೆ ಒಂದು ಹೆಸರಿದೆ, ಯಾಗಿ–ಉಡಾ ಆಂಟೆನಾ. ಜಪಾನಿನ ಸೆಂಡಾಯ್ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ ಶಿಂತಾರೊ ಉಡಾ ಮತ್ತು ಹಿದೆತ್ಸುಗು ಯಾಗಿ 1926ರಲ್ಲಿ ಇದನ್ನು ಪ್ರಕಟಿಸಿದರು. ಹೆಚ್ಚಿನ ಕೆಲಸ ಮಾಡಿದವರು ಉಡಾ. ಹೆಚ್ಚಿನ ಹೆಸರು ಬಂದದ್ದು ಪ್ರೊಫೆಸರ್ ಯಾಗಿಗೆ. ಎರಡನೇ ಮಹಾಯುದ್ಧದಲ್ಲಿ ಸಿಂಗಪುರವನ್ನು ಹಿಡಿದ ಜಪಾನೀ ಸೈನಿಕರಿಗೆ ಬ್ರಿಟಿಷ್ ರೇಡಾರ್ ತಂತ್ರಜ್ಞನೊಬ್ಬನ ಟಿಪ್ಪಣಿಗಳು ಸಿಕ್ಕಿದವಂತೆ. ಅದರಲ್ಲಿ ಪದೇ ಪದೇ ಬರುತ್ತಿದ್ದ ‘ಯಾಗಿ’ ಎಂಬ ಪದದ ಅರ್ಥ ಅವರಿಗೆ ಆಗಲಿಲ್ಲ. ಸೆರೆಸಿಕ್ಕ ಬ್ರಿಟಿಷನನ್ನೇ ಕೇಳಿದಾಗ ‘ಅದು ನಿಮ್ಮವನದೇ ಹೆಸರು’ ಎಂಬ ಉತ್ತರ ಬಂತಂತೆ. ಈ ಕಥೆಯನ್ನು ಆಂಟೆನಾ ಪಾಠ ಹೇಳುವವರು ಇಂದಿಗೂ ಬಿಡುವುದಿಲ್ಲ.

ಇದರ ಕೆಲಸವನ್ನು ಹೀಗೆ ಅರ್ಥಮಾಡಿಕೊಳ್ಳಬಹುದು. ಚೌಕಟ್ಟಿನಲ್ಲಿ ಒಂದು ಕಡ್ಡಿ ಮಾತ್ರ ಉದ್ದನೆಯ ಬಳೆಯಂತೆ ಮಡಿಚಿಕೊಂಡಿರುತ್ತದೆ. ಅದರ ನಡುವೆ ಪುಟ್ಟ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಎರಡು ಸ್ಕ್ರೂ. ಟಿ.ವಿ.ಗೆ ಹೋಗುವ ತಂತಿ ಹೊರಡುವುದು ಇಲ್ಲಿಂದ ಮಾತ್ರ. ಉಳಿದ ಕಡ್ಡಿಗಳಿಗೆ ಯಾವ ತಂತಿಯೂ ಇಲ್ಲ. ಹಾಗೆಂದು ಅವು ಅಲಂಕಾರಕ್ಕಲ್ಲ. ಮಡಿಚಿದ ಕಡ್ಡಿಯ ಹಿಂದೆ, ಅದಕ್ಕಿಂತ ತುಸು ಉದ್ದವಾದ ಕಡ್ಡಿಯೊಂದು ಕನ್ನಡಿಯಂತೆ ಅಲೆಯನ್ನು ಮುಂದಕ್ಕೆ ತಳ್ಳುತ್ತದೆ, ಹಿಂದಿನಿಂದ ಬರುವುದನ್ನು ತಡೆಯುತ್ತದೆ. ಮುಂದಿರುವ, ತುಸು ಗಿಡ್ಡನೆಯ ಕಡ್ಡಿಗಳು ಎದುರಿನಿಂದ ಬರುವ ಅಲೆಯನ್ನು ಕರೆದು ಒಳಗೆ ಬಿಡುತ್ತವೆ. ಹೀಗಾಗಿ ಗಿಡ್ಡ ಕಡ್ಡಿಯ ತುದಿ ಗೋಪುರದ ಕಡೆಗಿರಬೇಕು. ಇದನ್ನು ತಿರುಗುಮುರುಗು ಕಟ್ಟಿ, ‘ಆಂಟೆನಾ ಸರಿಯಿಲ್ಲ’ ಎಂದು ಅಂಗಡಿಯವನ ಜೊತೆ ಜಗಳಕ್ಕೆ ಹೋದವರಿಗೆ ಲೆಕ್ಕವಿಲ್ಲ ಎಂದು ಹಳೆಯ ಟಿ.ವಿ. ರಿಪೇರಿಯವರು ನಗುತ್ತಾರೆ.

ಕಡ್ಡಿಯ ಉದ್ದ ಮನಸ್ಸಿಗೆ ಬಂದಂತೆ ಇಡುವಂಥದ್ದಲ್ಲ. ಅದು ಹಿಡಿಯಬೇಕಾದ ಅಲೆಯ ಅರ್ಧದಷ್ಟಿರಬೇಕು. ನಮ್ಮ ದೇಶದಲ್ಲಿ 4ನೇ ಚಾನೆಲ್ ಎಂದರೆ 61ರಿಂದ 68 ಮೆಗಾಹರ್ಟ್ಸ್. ಅಲ್ಲಿ ಒಂದು ಅಲೆಯ ಉದ್ದ ಸುಮಾರು 4.65 ಮೀಟರ್, ಅದರ ಅರ್ಧದಲ್ಲಿ ಒಂದಿಷ್ಟು ಕಳೆದರೆ ಕಡ್ಡಿ ಸುಮಾರು 2.2 ಮೀಟರ್, ಅಂದರೆ ಏಳು ಅಡಿಗೂ ಮಿಗಿಲು. ಅದೇ 9ನೇ ಚಾನೆಲ್ ಆದರೆ 202ರಿಂದ 209 ಮೆಗಾಹರ್ಟ್ಸ್. ಕಡ್ಡಿ 70 ಸೆಂಟಿಮೀಟರ್ ಇದ್ದರೆ ಸಾಕು. ಕೆಲವು ಊರುಗಳಲ್ಲಿ ಮೂರೇ ಮೂರು ಉದ್ದನೆಯ ಕಡ್ಡಿಗಳ ಅಗಲವಾದ ಆಂಟೆನಾ, ಇನ್ನು ಕೆಲವು ಊರುಗಳಲ್ಲಿ ಗಿಡ್ಡ ಕಡ್ಡಿಗಳನ್ನು ಒತ್ತೊತ್ತಾಗಿ ಜೋಡಿಸಿದ ಆಂಟೆನಾ ಕಾಣುತ್ತಿದ್ದುದಕ್ಕೆ ಕಾರಣ ಇದೇ. ಅಂಗಡಿಯಲ್ಲಿ ಮೊದಲು ಕೇಳಬೇಕಿದ್ದುದು ಬೆಲೆಯನ್ನಲ್ಲ, ‘ಯಾವ ಚಾನೆಲ್‌ದು?’ ಎಂದು. ವರ್ಗವಾಗಿ ಬೇರೆ ಊರಿಗೆ ಹೋದ ನೌಕರರು ಟಿ.ವಿ. ಜೊತೆ ಆಂಟೆನಾವನ್ನೂ ಲಾರಿಗೆ ಹಾಕಿಕೊಂಡು ಹೋಗಿ, ಹೊಸ ಊರಿನಲ್ಲಿ ಚಿತ್ರ ಬರದೆ ತಲೆ ಕೆರೆದುಕೊಂಡದ್ದಕ್ಕೆ ಕಾರಣವೂ ಇದೇ. 1990ರ ದಶಕದಲ್ಲಿ ಮೆಟ್ರೊ ಚಾನೆಲ್ ಬಂದ ಊರುಗಳಲ್ಲಿ ಒಂದೇ ಪೈಪಿಗೆ ಎರಡನೇ ಆಂಟೆನಾ ಏರಿತು. ಖರ್ಚಿಗೆ ಹಿಂಜರಿದ ಕೆಲವರು ಹಳೆಯದಕ್ಕೇ ಅಲ್ಯುಮಿನಿಯಂ ತಟ್ಟೆ ಕಟ್ಟಿ ನೋಡಿದರು. ಲೋಹ ಯಾವುದೇ ಆದರೂ ಅಲೆಯನ್ನು ಒಂದಿಷ್ಟು ಅತ್ತಿತ್ತ ತಿರುಗಿಸುತ್ತದೆ. ಹಾಗಾಗಿ ಅದೃಷ್ಟವಿದ್ದವರಿಗೆ ಚಿತ್ರ ಬಂದದ್ದೂ ಸುಳ್ಳಲ್ಲ.

ಎಷ್ಟು ಕಡ್ಡಿ? ಗೋಪುರ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೆ ಮೂರು ಸಾಕು. ದೂರವಾದರೆ ಐದು, ಏಳು, ಇನ್ನೂ ಹೆಚ್ಚು. ಆದರೆ ಕಡ್ಡಿಗಳನ್ನು ದುಪ್ಪಟ್ಟು ಮಾಡಿದರೆ ಸಿಗುವ ಶಕ್ತಿ ಬಹಳವೆಂದರೆ ದುಪ್ಪಟ್ಟಾಗುತ್ತದೆ, ಸಾಮಾನ್ಯವಾಗಿ ಅಷ್ಟೂ ಇಲ್ಲ. ಅದರ ಬದಲು ಪೈಪಿನ ಎತ್ತರವನ್ನು ದುಪ್ಪಟ್ಟು ಮಾಡಿದರೆ, ಗೋಪುರ ದೂರವಿದ್ದು ನಡುವಿನ ನೆಲ ಮಟ್ಟಸವಾಗಿದ್ದಲ್ಲಿ, ತಂತಿಗೆ ಸಿಗುವ ವೋಲ್ಟೇಜೇ ಹೆಚ್ಚುಕಡಿಮೆ ದುಪ್ಪಟ್ಟು. ವೋಲ್ಟೇಜು ದುಪ್ಪಟ್ಟೆಂದರೆ ಶಕ್ತಿ ನಾಲ್ಕು ಪಟ್ಟು. ‘ಹನ್ನೊಂದು ಕಡ್ಡಿ ಸಾರ್, ಫಾರಿನ್ ಸ್ಟೇಷನ್ನೂ ಬರುತ್ತೆ’ ಎಂದು ಅಂಗಡಿಯವರು ಮಾರಿದ ಆಂಟೆನಾಕ್ಕೆ ಕೊಟ್ಟ ದುಡ್ಡನ್ನು ಉದ್ದನೆಯ ಪೈಪಿಗೆ ಹಾಕಿದ್ದರೆ ಎಷ್ಟೋ ಮನೆಗಳಿಗೆ ಲಾಭವಾಗುತ್ತಿತ್ತು.

ಎತ್ತರದ ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು. ಗೋಪುರದ ಎತ್ತರ ಮೀಟರಿನಲ್ಲಿ ಎಷ್ಟೋ ಅದರ ವರ್ಗಮೂಲ, ಮನೆಯ ಆಂಟೆನಾದ ಎತ್ತರದ ವರ್ಗಮೂಲ, ಎರಡನ್ನೂ ಕೂಡಿಸಿ 4.1ರಿಂದ ಗುಣಿಸಿ. ಬಂದ ಉತ್ತರ, ಭೂಮಿಯ ಉಬ್ಬು ಅಡ್ಡಬರುವ ಮುನ್ನ ಅಲೆ ತಲುಪಬಲ್ಲ ದೂರ, ಕಿಲೊಮೀಟರುಗಳಲ್ಲಿ. ಗೋಪುರ 100 ಮೀಟರ್, ಹೆಂಚಿನ ಮನೆಯ ಮೇಲೆ ಆಂಟೆನಾ 4 ಮೀಟರ್ ಎಂದುಕೊಳ್ಳಿ: ಸುಮಾರು 49 ಕಿಲೊಮೀಟರ್. ಆಂಟೆನಾವನ್ನು 9 ಮೀಟರಿಗೆ ಏರಿಸಿದರೆ 53. ಪಟ್ಟಪಾಡಿಗೆ ಸಿಕ್ಕಿದ್ದು ನಾಲ್ಕು ಕಿಲೊಮೀಟರ್ ಮಾತ್ರ. ಆದರೆ ನಿಮ್ಮ ಊರು ಆ ನಾಲ್ಕು ಕಿಲೊಮೀಟರಿನೊಳಗೆ ಬಿದ್ದಿದ್ದರೆ?

ಈ ಲೆಕ್ಕವೆಲ್ಲ ಬಯಲುಸೀಮೆಗೆ. ಮಲೆನಾಡಿನಲ್ಲಿ ಇದು ನಡೆಯುತ್ತಿರಲಿಲ್ಲ. ಗೋಪುರ ಹತ್ತೇ ಕಿಲೊಮೀಟರ್ ದೂರವಿದ್ದರೂ ನಡುವೆ ಒಂದು ಗುಡ್ಡ ಕೂತರೆ ಮುಗಿಯಿತು. ಅಲೆ ಗುಡ್ಡದ ನೆತ್ತಿಯ ಮೇಲಿಂದ ತುಸು ಬಾಗಿ ಇಳಿಯುತ್ತದೆ ನಿಜ. ಉದ್ದನೆಯ ಅಲೆ ಹೆಚ್ಚು ಬಾಗುತ್ತದೆ, ಗಿಡ್ಡ ಅಲೆ ಕಡಿಮೆ. ಆದರೆ ಕಣಿವೆಯ ತಳದಲ್ಲಿ, ತೋಟದ ನಡುವೆ ಇರುವ ಒಂಟಿಮನೆಗೆ ಅಷ್ಟು ಬಾಗಿದ ಅಲೆ ಸಾಲುತ್ತಿರಲಿಲ್ಲ. ಅಂಥವರು ಬಿದಿರಿನ ಗಳು ಕಟ್ಟಿದರು, ಅಡಿಕೆ ಮರದ ದಬ್ಬೆ ಕಟ್ಟಿದರು, ಕೊನೆಗೆ ಮನೆಯನ್ನು ಬಿಟ್ಟು ಗುಡ್ಡವನ್ನೇ ಹತ್ತಿದರು. ಗುಡ್ಡದ ನೆತ್ತಿಯಲ್ಲಿ ಆಂಟೆನಾ, ಅಲ್ಲಿಂದ ಮರದಿಂದ ಮರಕ್ಕೆ ತಂತಿ ಎಳೆದು ಮನೆಗೆ ತರುವುದು. ಮಳೆಗಾಲದಲ್ಲಿ ಕೊಂಬೆ ಬಿದ್ದು ತಂತಿ ಹರಿದರೆ ಇಂಬಳಗಳ ನಡುವೆ ಅದನ್ನು ಹುಡುಕುತ್ತ ಹತ್ತಬೇಕು. ಮಂಗಗಳ ಉಪಟಳ ಬೇರೆ. ಇಷ್ಟು ಮಾಡಿದ ಮೇಲೂ ನೂರಾರು ಅಡಿ ತಂತಿಯಲ್ಲಿ ಅರ್ಧಕ್ಕರ್ಧ ಶಕ್ತಿ ಸೋರಿಹೋಗಿ, ಮಾತು ಕೇಳಿಸುತ್ತದೆ, ಮುಖ ಕಾಣಿಸದು ಎಂಬ ಸ್ಥಿತಿ. ಧ್ವನಿಗೆ ಬೇಕಾದ ಜಾಗ ಕಿರಿದು, ಅದನ್ನು ಕಳಿಸುವ ವಿಧಾನವೂ ಬೇರೆ. ಆದ್ದರಿಂದ ಅದು ಕಡಿಮೆ ಶಕ್ತಿಯಲ್ಲೂ ಬದುಕುತ್ತದೆ. ಚಿತ್ರಕ್ಕೆ ಹಾಗಲ್ಲ. ಮೊದಲು ಬಣ್ಣ ಹೋಗುತ್ತದೆ, ಆಮೇಲೆ ಚುಕ್ಕಿಗಳು ಮುತ್ತುತ್ತವೆ, ಕೊನೆಗೆ ಚುಕ್ಕಿಗಳೇ ಉಳಿಯುತ್ತವೆ. ಹಾಗೆ ಧಾರಾವಾಹಿಯನ್ನು ರೇಡಿಯೊ ನಾಟಕದಂತೆ ಕೇಳಿದ ಮನೆಗಳು ಘಟ್ಟದಲ್ಲಿ ಇದ್ದವು. 1980ರ ದಶಕದ ಮಧ್ಯದವರೆಗೆ ಟಿ.ವಿ.ಗೆ ಲೈಸೆನ್ಸ್ ಶುಲ್ಕ ಬೇರೆ ಕಟ್ಟಬೇಕಿತ್ತು. ಚಿತ್ರ ಬಂದರೂ ಅಷ್ಟೇ, ಚುಕ್ಕಿ ಬಂದರೂ ಅಷ್ಟೇ!

ಇನ್ನು ಕಟ್ಟುವ ಕೆಲಸ. ಮೊದಲು ಅಕ್ಕಪಕ್ಕದ ಆಂಟೆನಾಗಳು ಎತ್ತ ನೋಡುತ್ತಿವೆ ಎಂದು ಗಮನಿಸಿ, ಸರಿಸುಮಾರು ಅತ್ತ ತಿರುಗಿಸಬೇಕು. ಪೈಪನ್ನು ಮೂರು ಕಡೆಯಿಂದ ಬಿಗಿತಂತಿ ಎಳೆದು ನಿಲ್ಲಿಸಬೇಕು. ಆಮೇಲೆ ಒಬ್ಬ ಮೇಲೆ, ಒಬ್ಬರು ಟಿ.ವಿ. ಮುಂದೆ, ಕಿಟಕಿಯ ಬಳಿ ಮಾತು ದಾಟಿಸಲು ಇನ್ನೊಬ್ಬರು. ‘ಬಂತಾ?’ ‘ಬಂತು ಬಂತು... ಅಯ್ಯೋ, ಹೋಯ್ತು!’ ಈ ಸಂಭಾಷಣೆ ಗೊತ್ತಿಲ್ಲದ ನಡುವಯಸ್ಸಿನ ಕನ್ನಡಿಗರು ಕಡಿಮೆ. ಕೈಯಲ್ಲಿ ಹಿಡಿದಿದ್ದಾಗ ಚೆನ್ನಾಗಿ ಬರುತ್ತಿದ್ದ ಚಿತ್ರ, ಬಿಗಿ ಮಾಡಿ ಕೈಬಿಟ್ಟ ತಕ್ಷಣ ಯಾಕೆ ಹೋಗುತ್ತಿತ್ತು? ಮನುಷ್ಯನ ಮೈ ಉಪ್ಪುನೀರಿನ ಚೀಲ. ವಿದ್ಯುತ್ತು ಅದರಲ್ಲಿ ಹರಿಯುತ್ತದೆ. ಆಂಟೆನಾದ ಪಕ್ಕದಲ್ಲಿ ನಿಂತ ಐದೂವರೆ ಅಡಿಯ ಮನುಷ್ಯ ತನಗರಿವಿಲ್ಲದೆ ಅದರ ಇನ್ನೊಂದು ಕಡ್ಡಿಯಾಗಿಬಿಡುತ್ತಾನೆ. ಅವನು ಕೆಳಗಿಳಿದರೆ ಆಂಟೆನಾದ ಒಂದು ಭಾಗವೇ ಕೆಳಗಿಳಿದಂತೆ. ಆದ್ದರಿಂದ ಪ್ರತಿ ಸಲ ತಿರುಗಿಸಿದ ಮೇಲೂ ನಾಲ್ಕು ಹೆಜ್ಜೆ ದೂರ ಸರಿದು ಕೇಳಬೇಕಿತ್ತು. ಇದನ್ನು ಕಂಡುಕೊಂಡಿದ್ದ ಮೆಕ್ಯಾನಿಕ್ ಅರ್ಧ ಗಂಟೆಯಲ್ಲಿ ಕೆಲಸ ಮುಗಿಸುತ್ತಿದ್ದ. ಉಳಿದವರಿಗೆ ಇಡೀ ಭಾನುವಾರ ಬೇಕಾಗುತ್ತಿತ್ತು.

ಚಿತ್ರದ ಪಕ್ಕದಲ್ಲೇ ಬಲಕ್ಕೆ ಮಸುಕಾದ ಇನ್ನೊಂದು ಚಿತ್ರ ಕಾಣಿಸಿಕೊಳ್ಳುವುದಿತ್ತು. ವಾರ್ತೆ ಓದುವವರಿಗೆ ಎರಡು ಮೂಗು, ನಾಲ್ಕು ಕಿವಿ. ಜನ ಇದಕ್ಕೆ ‘ನೆರಳು’ ಎನ್ನುತ್ತಿದ್ದರು. ಗೋಪುರದಿಂದ ನೇರ ಬಂದ ಅಲೆಯ ಹಿಂದೆಯೇ, ಗುಡ್ಡಕ್ಕೋ ದೊಡ್ಡ ಕಟ್ಟಡಕ್ಕೋ ಬಡಿದು ಸುತ್ತುಹಾಕಿ ಬಂದ ಅದೇ ಅಲೆ ತಡವಾಗಿ ತಲುಪಿದರೆ ಹೀಗಾಗುತ್ತದೆ. ಎಷ್ಟು ತಡ ಎಂಬುದನ್ನು ತೆರೆಯ ಮೇಲೆ ಅಡಿಪಟ್ಟಿ ಇಟ್ಟೇ ಅಳೆಯಬಹುದಿತ್ತು. 20 ಇಂಚಿನ ಟಿ.ವಿ.ಯ ತೆರೆ ಸುಮಾರು 40 ಸೆಂಟಿಮೀಟರ್ ಅಗಲ. ಅದರ ಮೇಲೆ ಒಂದು ಗೆರೆ ಎಡದಿಂದ ಬಲಕ್ಕೆ ಬರೆಯಲು ಬೇಕಾದ ಸಮಯ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ 52 ಭಾಗ. ಅಂಥ ಒಂದು ಭಾಗದಲ್ಲಿ ಅಲೆ 300 ಮೀಟರ್ ಓಡುತ್ತದೆ. ನೆರಳು ಮೂರು ಸೆಂಟಿಮೀಟರ್ ಬಲಕ್ಕೆ ಬಿದ್ದಿದ್ದರೆ, ಸುತ್ತುಹಾಕಿದ ಅಲೆ ಒಂದು ಕಿಲೊಮೀಟರಿಗಿಂತ ತುಸು ಹೆಚ್ಚು ದೂರ ಓಡಿ ಬಂದಿದೆ ಎಂದರ್ಥ. ಗುಡ್ಡ ಮನೆಯ ಬೆನ್ನಿಗೇ ಇದ್ದರೆ ಅದು ಅರ್ಧ ಕಿಲೊಮೀಟರಿನಾಚೆ ಇದೆ. ಅಂಥ ನೆರಳನ್ನು ಹಿಂದಿನ ಉದ್ದ ಕಡ್ಡಿಯೇ ತಡೆಯುತ್ತದೆ. ಪಕ್ಕದಿಂದ ಬಂದ ನೆರಳಾದರೆ ಆಂಟೆನಾವನ್ನು ಗೋಪುರಕ್ಕೆ ನೇರ ಇಡದೆ, ನೆರಳಿನ ಕಡೆಗೆ ಅದರ ಕುರುಡು ಮಗ್ಗುಲು ಬರುವಂತೆ ತುಸು ಓರೆಯಾಗಿ ತಿರುಗಿಸುತ್ತಿದ್ದರು. ಒಂದಿಷ್ಟು ಶಕ್ತಿ ಹೋದರೂ ಚಿತ್ರ ಶುದ್ಧವಾಗುತ್ತಿತ್ತು. ಸಾಲಿನಲ್ಲಿ ಎಲ್ಲವೂ ಒಂದೇ ದಿಕ್ಕಿಗಿದ್ದು ಒಂದು ಮಾತ್ರ ಓರೆ ನಿಂತಿದ್ದರೆ, ಅದು ಸೋಮಾರಿಯ ಕೆಲಸವಾಗಿರಬೇಕೆಂದೇನಿಲ್ಲ. ಜಾಣನ ಕೆಲಸವೂ ಆಗಿರಬಹುದು.

ಮೋಡ ಕವಿದರೆ ಟಿ.ವಿ. ಬರುವುದಿಲ್ಲ ಎಂಬ ನಂಬಿಕೆ ಆಗ ಎಲ್ಲ ಕಡೆ ಇತ್ತು. ಮೋಡದ್ದೇನೂ ತಪ್ಪಿಲ್ಲ. ಮೀಟರುಗಟ್ಟಲೆ ಉದ್ದದ ಅಲೆಗೆ ಮಳೆಹನಿ ಎಂಬುದು ಇರುವುದೇ ಗೊತ್ತಾಗುವುದಿಲ್ಲ. ತಪ್ಪು ಇದ್ದದ್ದು ತಂತಿಯಲ್ಲಿ. ಅಗ್ಗಕ್ಕೆ ಸಿಗುತ್ತಿದ್ದ ಚಪ್ಪಟೆ ಜೋಡಿತಂತಿ ಒಣಗಿದ್ದಾಗ ಬಹಳ ಒಳ್ಳೆಯದು, ದಪ್ಪ ದುಂಡು ಕೇಬಲ್ಲಿಗಿಂತಲೂ ಕಡಿಮೆ ಸೋರಿಕೆ. ಒದ್ದೆಯಾದರೆ ಅದರಲ್ಲಿ ಶಕ್ತಿ ನಿಲ್ಲುವುದಿಲ್ಲ. ಅದನ್ನು ಕಬ್ಬಿಣದ ಪೈಪಿಗೆ ಸುತ್ತಿದರೆ, ಕಿಟಕಿ ಸರಳಿಗೆ ತಾಗಿಸಿದರೆ ಒಣಗಿದ್ದಾಗಲೂ ಹಾಳು. ಡಬ್ಬಿಯೊಳಗಿನ ಸ್ಕ್ರೂಗಳಿಗೆ ನೀರಿಳಿದು ಕಿಲುಬು ಕಟ್ಟಿದರಂತೂ ಮಳೆ ನಿಂತ ಮೇಲೂ ಚಿತ್ರ ಬರದು. ಉಪ್ಪುಕಾಗದದಿಂದ ಉಜ್ಜಿ, ಸ್ವಲ್ಪ ಗ್ರೀಸ್ ಹಚ್ಚಿ, ಡಬ್ಬಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿದರೆ ಎರಡು ಮಳೆಗಾಲಕ್ಕೆ ಚಿಂತೆಯಿಲ್ಲ. ಇದನ್ನು ಮಾಡದೆ ಬೂಸ್ಟರ್ ಕೊಂಡವರೇ ಹೆಚ್ಚು. ಬೂಸ್ಟರ್ ಬಂದದ್ದನ್ನು ದೊಡ್ಡದು ಮಾಡುತ್ತದೆಯೇ ಹೊರತು ಬಾರದ್ದನ್ನು ತರುವುದಿಲ್ಲ. ಅದನ್ನು ಆಂಟೆನಾದ ಬುಡದಲ್ಲೇ ಕಟ್ಟಿದರೆ ತಂತಿಯಲ್ಲಿ ಸೋರುವ ಮೊದಲೇ ಶಕ್ತಿ ಹೆಚ್ಚುತ್ತದೆ. ಕೆಳಗೆ ಟಿ.ವಿ. ಪಕ್ಕ ಇಟ್ಟರೆ ಚಿತ್ರದ ಜೊತೆಗೆ ಚುಕ್ಕಿಗಳೂ ದೊಡ್ಡದಾಗುತ್ತವೆ, ಅಷ್ಟೆ.

ಹವೆಗೆ ಮಾತ್ರ ಒಂದು ಚಮತ್ಕಾರವಿತ್ತು. ನೆಲದ ಹತ್ತಿರ ತಂಪು, ಮೇಲೆ ಬಿಸಿ ಎಂಬಂತೆ ಗಾಳಿಯ ಪದರಗಳು ಕೂತ ಕೆಲವು ಸಂಜೆ, ಅಲೆ ಭೂಮಿಯ ಉಬ್ಬನ್ನು ಅನುಸರಿಸಿ ನೂರಾರು ಕಿಲೊಮೀಟರ್ ಹರಿಯುತ್ತದೆ. ಸಮುದ್ರದ ಮೇಲೆ ಇದು ಹೆಚ್ಚು. 1982ರಲ್ಲಿ ಆರಂಭವಾದ ಶ್ರೀಲಂಕಾದ ರೂಪವಾಹಿನಿಯನ್ನು ತಮಿಳುನಾಡಿನ ದಕ್ಷಿಣ ಕರಾವಳಿಯವರು ನೋಡುತ್ತಿದ್ದುದು ಪ್ರಸಿದ್ಧ. ಅಲ್ಲಿ ಆಂಟೆನಾಗಳು ಸಮುದ್ರದತ್ತ ತಿರುಗಿದ್ದವು. ಗಡಿಗೆ ಪಾಸ್‌ಪೋರ್ಟ್ ಬೇಕು, ಅಲೆಗೆ ಬೇಡ.

ಹಾಗಾದರೆ ಈಗ ಕಳೆದುಕೊಂಡದ್ದೇನು? ಮಲೆನಾಡಿನವರನ್ನು ಕೇಳಿದರೆ ‘ಏನೂ ಇಲ್ಲ’ ಎಂದಾರು. 2004ರಲ್ಲಿ ಶುರುವಾದ ದೂರದರ್ಶನದ ಉಚಿತ ಡಿಶ್ ಸೇವೆಗೆ ತಿಂಗಳ ಬಾಡಿಗೆಯಿಲ್ಲ. ಒಂದು ಸಲ ಡಿಶ್ ಮತ್ತು ಪೆಟ್ಟಿಗೆ ಕೊಂಡರಾಯಿತು. ಅದರ ಉಪಗ್ರಹ ಬೆಂಗಳೂರಿನಿಂದ ನೋಡಿದರೆ ಆಗ್ನೇಯಕ್ಕೆ, ನೆಲದಿಂದ ಸುಮಾರು 66 ಡಿಗ್ರಿ ಮೇಲೆ ನಿಲ್ಲುತ್ತದೆ. ಅಷ್ಟು ಎತ್ತರದಿಂದ ಇಳಿಯುವ ಅಲೆಗೆ ಎದುರಿನ ಗುಡ್ಡ ಅಡ್ಡಬರುವುದು ಅಪರೂಪ. ಗೋಪುರ ಕೊಡದಿದ್ದುದನ್ನು ಕಣಿವೆಯ ಮನೆಗೆ ಆಕಾಶ ಕೊಟ್ಟಿತು. 1975ರಲ್ಲಿ ರಾಯಚೂರಿನ ಹಳ್ಳಿ ಕಂಡ ಬಾಣಲೆಯೇ ಚಿಕ್ಕದಾಗಿ ಎಲ್ಲರ ಮನೆಗೂ ಬಂದಂತಾಯಿತು. ಮಳೆಯ ವಿಷಯದಲ್ಲಿ ಮಾತ್ರ ಹಳೆಯ ನಂಬಿಕೆ ಈಗ ನಿಜವಾಗಿದೆ: ಡಿಶ್‌ಗೆ ಬರುವ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು, ಜಡಿಮಳೆಯ ದಪ್ಪ ಹನಿಗಳು ಅದನ್ನು ನುಂಗಿಬಿಡುತ್ತವೆ.

ಪೇಟೆಯವರು ಕಳೆದುಕೊಂಡದ್ದು ಬೇರೆ. ಪೆಟ್ಟಿಗೆಯಿಲ್ಲದೆ, ಕಾರ್ಡಿಲ್ಲದೆ, ಯಾರ ಲೆಕ್ಕದ ಪುಸ್ತಕದಲ್ಲೂ ಹೆಸರು ಬರೆಸದೆ, ಬರೀ ಅಲ್ಯುಮಿನಿಯಂ ಕಡ್ಡಿಯಿಂದ ಗಾಳಿಯಲ್ಲಿದ್ದುದನ್ನು ಹಿಡಿಯುವ ಸೌಲಭ್ಯ ಅದು. ಅಮೆರಿಕದಲ್ಲಿ 2009ರ ಜೂನ್ 12ರಂದು ದೊಡ್ಡ ಕೇಂದ್ರಗಳೆಲ್ಲ ಅನಲಾಗ್ ನಿಲ್ಲಿಸಿದರೂ ಡಿಜಿಟಲ್ ಭೂಪ್ರಸಾರ ಮುಂದುವರಿಯಿತು. ಕೇಬಲ್ಲಿನ ಬಿಲ್ಲಿಗೆ ಬೇಸತ್ತವರು ಅಲ್ಲಿ ಇದೇ ಯಾಗಿ ಆಂಟೆನಾಗಳನ್ನು ಮತ್ತೆ ಮಾಡಿಗೆ ಏರಿಸಿದ್ದಾರೆ. ನಮ್ಮಲ್ಲೂ ದೂರದರ್ಶನ 2016ರಲ್ಲಿ ಬೆಂಗಳೂರೂ ಸೇರಿದಂತೆ ಕೆಲವು ನಗರಗಳಲ್ಲಿ ಡಿಜಿಟಲ್ ಭೂಪ್ರಸಾರ ಆರಂಭಿಸಿತ್ತು. ಡಿಜಿಟಲ್‌ನಲ್ಲಿ ನೆರಳಿಲ್ಲ, ಚುಕ್ಕಿಯಿಲ್ಲ. ಚಿತ್ರ ಬಂದರೆ ಪೂರ್ತಿ, ಇಲ್ಲದಿದ್ದರೆ ಚೂರುಚೂರಾಗಿ ನಿಂತುಬಿಡುತ್ತದೆ. ಆದರೆ ಅದನ್ನು ಹಿಡಿಯಬಲ್ಲ ಟಿ.ವಿ. ಬೇಕು ಎಂಬುದೇ ಅನೇಕರಿಗೆ ತಿಳಿಯಲಿಲ್ಲ. ಆಂಟೆನಾ ಅಂಗಡಿಯವರೂ ಅಷ್ಟು ಹೊತ್ತಿಗೆ ಮೊಬೈಲ್ ರಿಪೇರಿಗೆ ಇಳಿದಿದ್ದರು.

ತಾರಸಿಯ ಮೇಲೆ ಹಳೆಯ ಆಂಟೆನಾ ಇನ್ನೂ ಇದ್ದರೆ, ಮಳೆಗಾಲಕ್ಕೆ ಮೊದಲು ಇಳಿಸುವುದು ಒಳ್ಳೆಯದು. ಬುಡ ತುಕ್ಕು ತಿಂದ ಪೈಪು ಗಾಳಿಗೆ ಬೀಳುವುದು ವಿದ್ಯುತ್ ತಂತಿಯ ಮೇಲಾದರೆ ಅಪಾಯ. ಕಟ್ಟುವಾಗ ಹೀಗೆ ಜೀವ ಕಳೆದುಕೊಂಡವರಿದ್ದಾರೆ, ಇಳಿಸುವಾಗಲೂ ಅದೇ ಎಚ್ಚರ ಬೇಕು. ಒಬ್ಬರೇ ಇಳಿಸಬಾರದು. ತಂತಿ ಹತ್ತಿರವಿದ್ದರೆ ಲೈನ್‌ಮನ್‌ಗೆ ಹೇಳಿ ಕರೆಂಟ್ ತೆಗೆಸಬೇಕು. ಬಿಗಿತಂತಿ ಬಿಚ್ಚುವಾಗ ಮೂರನ್ನೂ ಒಟ್ಟಿಗೆ ಬಿಚ್ಚದೆ, ಪೈಪನ್ನು ಮನೆಯ ಕಡೆಗೆ ಮಲಗಿಸುವಂತೆ ಒಂದನ್ನು ಕೊನೆಯವರೆಗೆ ಹಿಡಿದಿರಬೇಕು. ಕಡ್ಡಿಗಳು ಗುಜರಿಗೆ ತೂಕದ ಲೆಕ್ಕದಲ್ಲಿ ಹೋಗುತ್ತವೆ. ಉದ್ದ ಕಡ್ಡಿಯ ಹಳೆಯ 4ನೇ ಚಾನೆಲ್ ಆಂಟೆನಾ ಆಗಿದ್ದರೆ ಒಂದನ್ನು ಉಳಿಸಿಕೊಳ್ಳಬಹುದು: 1.4 ಮೀಟರಿಗೆ ಕತ್ತರಿಸಿ, ನಡುವೆ ಎರಡು ಭಾಗ ಮಾಡಿ, ಒಳತುದಿಗಳಿಗೆ ತಂತಿ ಸೇರಿಸಿದರೆ ಎಫ್.ಎಂ. ರೇಡಿಯೊ ಚೆನ್ನಾಗಿ ಕೇಳಿಸುತ್ತದೆ. ಮಲಗಿಸಿ ಕಟ್ಟಿದಾಗ ಸರಿಯಾಗಿ ಬರದಿದ್ದರೆ ನೆಟ್ಟಗೆ ನಿಲ್ಲಿಸಿ ನೋಡಿ.